ಅತ್ತೆಯ ಏಳು ಡಬ್ಬಗಳು

ನಮ್ಮ ಅತ್ತೆಯನ್ನು ಒಂದು ವಾರದ ಮಟ್ಟಿಗೆ ಮಹಾನಗರ ಪಾಲಿಕೆಯ ಕಮಿಷನರ್ ಮಾಡಿದ್ದರೆ ತುಮಕೂರಿನಲ್ಲಿ ಒಂದು ಕಡ್ಡಿ ಕಸವೂ ಉಳಿಯುತ್ತಿರಲಿಲ್ಲ. ಜನವೂ ಉಳಿಯುತ್ತಿರಲಿಲ್ಲ, ಆ ಮಾತು ಬೇರೆ.

ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ನಮ್ಮಪ್ಪನ ಅಕ್ಕ. ಗುಬ್ಬಿಯ ಸರ್ಕಾರಿ ಶಾಲೆಯಲ್ಲಿ ಮೇಡಂ ಆಗಿದ್ದವರು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡರು, ಮಕ್ಕಳಿಲ್ಲ. ನಿವೃತ್ತರಾದ ಮೇಲೂ ಗುಬ್ಬಿಯಲ್ಲೇ ಇದ್ದರು. ಮಂಡಿನೋವು ಮತ್ತು ಸಕ್ಕರೆ ಕಾಯಿಲೆ ಎರಡೂ ಜೊತೆಯಾದಾಗ ನಾನೇ ಹೋಗಿ ಕರೆದುಕೊಂಡು ಬಂದೆ. ಬರುವಾಗ ಒಂದು ಟ್ರಂಕು, ಒಂದು ವಿಭೂತಿ ಡಬ್ಬಿ, ಮತ್ತು ಪ್ರಪಂಚದಲ್ಲಿರುವವರೆಲ್ಲ ನಾಲ್ಕನೇ ಕ್ಲಾಸಿನ ಮಕ್ಕಳು ಎಂಬ ನಂಬಿಕೆಯನ್ನು ತಂದಿದ್ದರು.

ಆಗ ನಮ್ಮ ಮನೆಯಲ್ಲಿ ತರಕಾರಿ ಸಿಪ್ಪೆ, ಹಾಲಿನ ಕವರು, ಸತ್ತ ಬ್ಯಾಟರಿ ಎಲ್ಲವೂ ಒಂದೇ ಚೀಲದಲ್ಲಿ ಅನ್ಯೋನ್ಯವಾಗಿದ್ದವು. ಒಂದು ಬೆಳಗ್ಗೆ ಪೌರಕಾರ್ಮಿಕೆ ರತ್ನಮ್ಮ ಆ ಚೀಲವನ್ನು ಎತ್ತಿ ನೋಡಿ ನನ್ನ ಕೈಗೇ ವಾಪಸು ಕೊಟ್ಟರು. ಜೊತೆಗೊಂದು ಕರಪತ್ರ. ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ನೀಲಿ ಬುಟ್ಟಿ, ಔಷಧಿ, ಬ್ಯಾಂಡೇಜು, ಡೈಪರು ಇಂಥದ್ದಕ್ಕೆ ಪೇಪರ್ ಸುತ್ತಿ ಕೆಂಪು ಗುರುತು. ಬೆರೆಸಿದರೆ ತಗೊಳ್ಳುವುದಿಲ್ಲ, ಎರಡನೇ ಸಲ ದಂಡ.

ನಾನು ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು, ಎಂಟಕ್ಕೆ ಅಲ್ಲಿರಬೇಕು. ನನ್ನ ಹೆಂಡತಿ ಶೋಭಾ ಬೆಳ್ಳಾವಿಯ ಶಾಲೆಗೆ ಹೋಗುವವಳು, ಏಳೂವರೆಗೆ ಬಸ್ಸು ಹಿಡಿಯಬೇಕು. ಕಸದ ಗಾಡಿ ಮಾತ್ರ ಆರೂವರೆಯಿಂದ ಒಂಬತ್ತರೊಳಗೆ ಯಾವಾಗಲಾದರೂ ಹಾಡು ಹಾಕಿಕೊಂಡು ಬಂದು, ಹಾಡು ಮುಗಿಯುವುದರೊಳಗೆ ಹೊರಟುಹೋಗುತ್ತಿತ್ತು. ಶೋಭಾ ಕರಪತ್ರವನ್ನು ಎರಡು ಸಲ ಓದಿ, "ಇದನ್ನೆಲ್ಲಾ ಮಾಡೋಕೆ ನಿಮಗೆ ಇನ್ನೊಬ್ಬ ಹೆಂಡ್ತಿ ಬೇಕು" ಎಂದಳು. ನಾನು ಏನೋ ಹೇಳುವುದರಲ್ಲಿದ್ದೆ. ಅಷ್ಟರಲ್ಲಿ ಅತ್ತೆ ಕರಪತ್ರ ಇಸಿದುಕೊಂಡು, ಕನ್ನಡಕ ಏರಿಸಿ, ಪ್ರಶ್ನೆಪತ್ರಿಕೆ ಓದುವ ಹಾಗೆ ಓದಿದರು. ಕೊನೆಗೆ, ಮೂರು ಬುಟ್ಟಿ ಯಾವ ಮೂಲೆಗೂ ಸಾಲುವುದಿಲ್ಲ ಎಂದು ತೀರ್ಪು ಕೊಟ್ಟರು.

ವಾರದೊಳಗೆ ಅಡುಗೆಮನೆಯ ಹಿಂದೆ ಏಳು ಡಬ್ಬಗಳು ಸಾಲಾಗಿ ನಿಂತವು. ಹಸಿಗೊಂದು, ಪೇಪರಿಗೊಂದು, ಪ್ಲಾಸ್ಟಿಕ್ಕಿಗೊಂದು, ಗಾಜಿಗೊಂದು, ತಗಡು ಕಬ್ಬಿಣಕ್ಕೊಂದು, ಔಷಧಿಗೊಂದು. ಏಳನೆಯದರ ಹೆಸರು ಅನುಮಾನದ ಡಬ್ಬ. ಎಲ್ಲಕ್ಕಿಂತ ಮೊದಲು ತುಂಬುತ್ತಿದ್ದುದು ಅದೇ. ಒಣಗಿದ ಕರಿಬೇವು ಹಸಿಯೋ ಒಣವೋ? ನೆನೆದ ನ್ಯೂಸ್‌ಪೇಪರು? ಎಣ್ಣೆ ಬತ್ತಿ? ಕಿತ್ತುಹೋದ ಚಪ್ಪಲಿ? ನೀವೇ ಹೇಳಿ ನೋಡೋಣ. ನಾನು ಕಾರ್ಖಾನೆಯಿಂದ ಸುಸ್ತಾಗಿ ಬಂದು ಕಾಫಿ ಕುಡಿಯುವಾಗ ಅತ್ತೆ ಆ ಡಬ್ಬ ಎದುರಿಗಿಟ್ಟುಕೊಂಡು ಒಂದೊಂದನ್ನೇ ತೆಗೆದು ನನ್ನ ಅಭಿಪ್ರಾಯ ಕೇಳುತ್ತಿದ್ದರು. ಕೇಳಿದ ಮೇಲೆ ತಮಗೆ ತೋಚಿದ ಡಬ್ಬಕ್ಕೇ ಹಾಕುತ್ತಿದ್ದರು.

ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸುವ ಹಾಗಿರಲಿಲ್ಲ, ಆ ಚೂರು ಕಳೆದುಹೋಗುತ್ತದೆ. ಕತ್ತರಿಸಿಯೂ ಕತ್ತರಿಸದ ಹಾಗೆ ಕತ್ತರಿಸಬೇಕು. ಆಮೇಲೆ ತೊಳೆದು, ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಬೇಕು. ನಮ್ಮ ಬೀದಿಗೆ ನಲ್ಲಿ ನೀರು ಬರುವುದು ಮೂರು ದಿನಕ್ಕೊಂದು ಸಲ. ಆ ನೀರಿನಲ್ಲಿ ಕಸ ತೊಳೆಯುವುದನ್ನು ಕಂಡು ಶೋಭಾ ತಲೆ ಚಚ್ಚಿಕೊಳ್ಳುತ್ತಿದ್ದಳು. ನನ್ನ ಅಂಗಿಗಿಂತ ನಮ್ಮ ಮನೆಯ ಕಸವೇ ಬೆಳ್ಳಗಿದೆ ಎಂದು ಒಂದು ದಿನ ಅಂದಳು. ನೋಡಿದೆ, ನಿಜವಾಗಿತ್ತು.

ತೆಂಗಿನ ಚಿಪ್ಪಿನ ವಿಷಯದಲ್ಲಿ ಅತ್ತೆ ಯಾರ ಮಾತನ್ನೂ ಒಪ್ಪಲಿಲ್ಲ. ಗಾಡಿಯ ಡ್ರೈವರು ಅದು ಹಸಿ ಎಂದ, ರತ್ನಮ್ಮ ಒಣ ಎಂದರು, ಸೂಪರ್‌ವೈಸರು ಎರಡರಲ್ಲೂ ಹಾಕಬೇಡಿ ಎಂದರು. ಚಿಪ್ಪನ್ನು ಕಸ ಎಂದು ಕರೆಯುವ ಊರಿನಲ್ಲಿ ತಾವಿದ್ದೇವಲ್ಲ ಎಂದೇ ಗುಬ್ಬಿಯ ನಮ್ಮ ಅತ್ತೆಗೆ ಅವಮಾನ. ತಿಂಗಳಿಗೊಮ್ಮೆ ಚೀಲದ ತುಂಬ ಚಿಪ್ಪು ಹೊತ್ತು ಬಸ್ಸು ಹತ್ತಿ, ಗುಬ್ಬಿಯಲ್ಲಿ ಹಳೆಯ ಪಕ್ಕದ ಮನೆಯವರ ನೀರೊಲೆಗೆ ಕೊಟ್ಟು ಬರತೊಡಗಿದರು. ಕಂಡಕ್ಟರು ಲಗೇಜಿಗೆ ಟಿಕೆಟ್ ಕೇಳಿದಾಗ, ಯಾವ ಶಾಲೆಯಲ್ಲಿ ಓದಿದ್ದು ಎಂದು ಅವನನ್ನೇ ವಿಚಾರಿಸಿದರಂತೆ. ದುರದೃಷ್ಟಕ್ಕೆ ಅವನು ಓದಿದ್ದು ಅತ್ತೆಯ ಶಾಲೆಯಲ್ಲೇ. ಅಲ್ಲಿಂದಾಚೆಗೆ ಚೀಲವನ್ನು ಬಸ್ಸಿಗೆ ಏರಿಸುವುದೂ ಇಳಿಸುವುದೂ ಅವನ ಕೆಲಸವಾಯಿತು.

ಕುಣಿಗಲ್‌ನಲ್ಲಿ ಶೋಭಾಳ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಹೋದಾಗ, ಅತ್ತೆ ಊಟ ಮುಗಿಸಿ ಕೈ ತೊಳೆಯುವ ಜಾಗದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಎಲೆ ಈ ಕಡೆ, ನೀರಿನ ಬಾಟ್ಲಿ ಆ ಕಡೆ, ಪಾಯಸದ ಕಪ್ಪು ಇಲ್ಲಿ. ಮುನ್ನೂರು ಜನ ನೆಂಟರು ಸಾಲುಗಟ್ಟಿ ನಿಂತು ಒಪ್ಪಿಸಿ ಹೋದರು. ಬೀಗರು ಊಟ ಚೆನ್ನಾಗಿತ್ತು ಎಂದು ಹೇಳುವುದನ್ನು ಮರೆತು, ನಾನು ಸರಿಯಾಗಿ ಹಾಕಿದೆನಾ ಎಂದು ಕೇಳಿ ಹೊರಟರು.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಖಾಲಿ ಸೈಟು. ಗಾಡಿ ತಪ್ಪಿಸಿಕೊಂಡವರು, ವಿಂಗಡಿಸಲು ಪುರುಸೊತ್ತಿಲ್ಲದವರು ಕತ್ತಲಿರುವಾಗಲೇ ಅಲ್ಲಿ ಚೀಲ ಒಗೆದು ಹೋಗುತ್ತಿದ್ದರು. ಒಂದು ದಿನ ಅತ್ತೆ ಕೋಲಿನಿಂದ ಒಂದು ಚೀಲ ಬಿಡಿಸಿದಾಗ ಕೊರಿಯರ್ ಕವರು ಸಿಕ್ಕಿತು. ಹೆಸರು ಬಡಾವಣೆ ಸಂಘದ ಅಧ್ಯಕ್ಷರದ್ದು. ಹಿಂದಿನ ಭಾನುವಾರವಷ್ಟೇ ಸ್ವಚ್ಛತೆಯ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿದವರು. ಅತ್ತೆ ಚೀಲ ಕಟ್ಟಿ ಅವರ ಮನೆಗೇ ಒಯ್ದು, ನಿಮ್ಮ ಸಾಮಾನು ಬೀದಿಯಲ್ಲಿ ಬಿದ್ದಿತ್ತು ಎಂದು ಒಪ್ಪಿಸಿ ಬಂದರು. ಅಂದಿನಿಂದ ಸೈಟಿಗೆ ಬೀಳುವ ಕಸವೇನೂ ಕಡಿಮೆಯಾಗಲಿಲ್ಲ. ವಿಳಾಸ ಹರಿದು ಹಾಕುವುದನ್ನು ಮಾತ್ರ ಎಲ್ಲರೂ ಕಲಿತರು.

ಹೀಗೆ ಎರಡು ವರ್ಷ ನಡೆಯಿತು. ಹೋದ ವರ್ಷ ಒಂದು ಬೆಳಗ್ಗೆ ಗಾಡಿ ನಮ್ಮ ಮನೆ ದಾಟಿ ನಾಲ್ಕು ಮನೆ ಆಚೆ ನಿಂತಿತ್ತು. ಗಾಡಿಯ ಮೇಲೆ ನಿಂತು ಕಸದಲ್ಲಿ ಕೈಯಾಡಿಸುತ್ತಿದ್ದ ರತ್ನಮ್ಮ ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ಹರಿದ ಗ್ಲೌಸಿನೊಳಗೆ ತೋರುಬೆರಳಿಗೆ ಇಂಜೆಕ್ಷನ್ ಸೂಜಿ ಚುಚ್ಚಿತ್ತು. ರಕ್ತ ಬಂತು. ಗೇಟಿನಲ್ಲಿದ್ದ ಅತ್ತೆ ಮಂಡಿನೋವು ಮರೆತು ಅಲ್ಲಿಗೆ ಹೋದರು. ಯಾರ ಮನೆಯದು ಎಂದು ಕೇಳಿದರೆ ರತ್ನಮ್ಮ, "ಗೊತ್ತಿಲ್ಲ ಅಮ್ಮೋರೆ, ಎಲ್ಲಾ ಒಟ್ಟಿಗೆ ಬಿದ್ದೈತೆ" ಎಂದರು. ಅತ್ತೆ ಅವರ ಕೈಗೆ ಸೋಪು ಹಚ್ಚಿ ತೊಳೆಸಿ, ಆಸ್ಪತ್ರೆಗೆ ಹೋಗು ಎಂದು ಹೇಳಿ, ಸೂಜಿಯನ್ನು ಒಂದು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ತನಿಖೆಗೆ ಹೊರಟರು. ನನಗೆ ಅಂದು ಎರಡನೇ ಪಾಳಿ, ಹಾಗಾಗಿ ನಾನೂ ಹಿಂದೆ ಹೋದೆ.

ಅಷ್ಟು ಸಣ್ಣ ಸೂಜಿ ಎಂದರೆ ಇನ್ಸುಲಿನ್ನಿನದೇ, ಬೀದಿಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಮನೆಗಳು ಮೂರು. ಮೊದಲನೆಯದು ಹಾಸಿಗೆ ಅಂಗಡಿಯ ಬಶೀರ್ ಸಾಹೇಬರದ್ದು, ಅವರ ತಾಯಿಗೆ ಸಕ್ಕರೆ ಕಾಯಿಲೆ. ಸಾಹೇಬರು ಒಳಗಿನಿಂದ ಮುಚ್ಚಳವಿದ್ದ ಬಾಟಲಿ ತಂದು ತೋರಿಸಿದರು. ಎಲ್ಲ ಇನ್ಸುಲಿನ್ ಪೆನ್ನಿಗೆ ಸಿಕ್ಕಿಸುವ ಪುಟ್ಟ ಸೂಜಿಗಳು, ಒಂದೊಂದೂ ಭದ್ರ. ಎರಡನೆಯದು ಅಧ್ಯಕ್ಷರ ಮನೆ. ಇದು ಅವರದ್ದೇ ಎಂಬುದರಲ್ಲಿ ಅತ್ತೆಗೆ ಸಂಶಯವಿರಲಿಲ್ಲ. ಗೇಟಿನಲ್ಲೇ ನಿಂತು, ಅಕ್ಕಪಕ್ಕದವರಿಗೂ ಕೇಳಿಸುವ ಹಾಗೆ ಪಾಠ ಮಾಡಿದರು. ಅಧ್ಯಕ್ಷರು ಪೂರ್ತಿ ಕೇಳಿಸಿಕೊಂಡು, ಒಳಗೆ ಹೋಗಿ ತಮ್ಮ ಇನ್ಸುಲಿನ್ ಪೆನ್ನು ತಂದು ತೋರಿಸಿದರು.

"ನಂದೂ ಪೆನ್ನೇ ಮೇಡಂ. ನೀವು ತಂದಿರೋದು ಸಿರಿಂಜು" ಎಂದರು.

ಮೂರನೆಯ ಮನೆ ನಮ್ಮದು. ಸಿರಿಂಜು ಬಳಸುವುದು ಬೀದಿಯಲ್ಲಿ ಅತ್ತೆ ಒಬ್ಬರೇ.

ಅತ್ತೆ ಡಬ್ಬಿ ಮುಚ್ಚಿದರು. ಮನೆಗೆ ಬಂದು ಹಿಂದಿನ ಕಟ್ಟೆಯ ಮೇಲೆ ಕುಳಿತರು. ಶಾಲೆಗೆ ಹೊರಡುವ ಮುಂಚೆ ಶೋಭಾ ಸಿರಿಂಜಿಗೆ ಔಷಧಿ ಎಳೆದಿಟ್ಟಿರುತ್ತಾಳೆ. ಅತ್ತೆ ಚುಚ್ಚಿಕೊಂಡು ಸಿರಿಂಜನ್ನು ಒಂದು ದಪ್ಪ ಜಾರಿನೊಳಗೆ ಹಾಕುತ್ತಾರೆ. ಜಾರು ತುಂಬಿದರೆ ನಾನು ಕ್ಲಿನಿಕ್ಕಿಗೆ ಕೊಟ್ಟು ಬರುತ್ತೇನೆ. ಅದರ ಪಕ್ಕದಲ್ಲೇ ಪ್ಲಾಸ್ಟಿಕ್ಕಿನ ಡಬ್ಬ. ಹೇಗೆ ತಪ್ಪಿತೋ ಗೊತ್ತಿಲ್ಲ.

ನಾನು ಒಂದು ಸಣ್ಣತನ ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ಅಧ್ಯಕ್ಷರಿಗೆ ಸೂಜಿ ನಮ್ಮದು ಅಂತ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ರತ್ನಮ್ಮನ ಆಸ್ಪತ್ರೆ ಖರ್ಚು ನಾವೇ ಕೊಟ್ಟರಾಯಿತು, ಇನ್ನೇನು ಹೇಳುವುದು ಬೇಡ ಎಂದೆ. ಅತ್ತೆ ನನ್ನನ್ನು ದಿಟ್ಟಿಸಿದರು.

"ಅವಳ ರಕ್ತಕ್ಕೆ ಸೇರಿರೋದು ನನ್ ರಕ್ತ ಕಣೋ. ಯಾರದು ಅಂತ ಗೊತ್ತಿಲ್ದೆ ಅವಳು ರಾತ್ರಿ ಹೆಂಗೆ ಮಲಗ್ತಾಳೆ? ಗಾಡಿ ತೆಗಿ."

ಮೊದಲು ಬಶೀರ್ ಸಾಹೇಬರ ಮನೆ, ಆಮೇಲೆ ಅಧ್ಯಕ್ಷರ ಮನೆ. ಎರಡೂ ಕಡೆ ಅತ್ತೆ ಸ್ಕೂಟರ್ ನಿಲ್ಲಿಸಲು ಹೇಳಿ ಇಳಿದು, ಸೂಜಿ ತಮ್ಮದು, ತಮ್ಮಿಂದ ತಪ್ಪಾಯಿತು ಎಂದು ಹೇಳಿದರು. ಅಧ್ಯಕ್ಷರ ಮನೆಯ ಮುಂದೆ ಬೆಳಗ್ಗೆ ಎಷ್ಟು ಜೋರಾಗಿ ಮಾತಾಡಿದ್ದರೋ ಅಷ್ಟೇ ಜೋರಾಗಿ ಹೇಳಿದರು. ಅಧ್ಯಕ್ಷರೇ ನಾಚಿಕೊಂಡು, ಪರವಾಗಿಲ್ಲ ಬಿಡಿ ಮೇಡಂ ಎಂದು ಒಳಗೆ ಹೋದರು.

ರತ್ನಮ್ಮನ ಮನೆ ಪೌರಕಾರ್ಮಿಕರ ಕಾಲೊನಿಯಲ್ಲಿ. ಆಸ್ಪತ್ರೆಗೆ ಹೋಗಿರಲಿಲ್ಲ, ಬೆರಳಿಗೆ ಅರಿಸಿನ ಮೆತ್ತಿಕೊಂಡು ಅಕ್ಕಿ ಆರಿಸುತ್ತಿದ್ದರು. ಅತ್ತೆ ಚಪ್ಪಲಿ ಬಿಟ್ಟು ಒಳಗೆ ಹೋಗಿ, ನೆಲದ ಮೇಲೆ ಕುಳಿತು, ಹೇಳಬೇಕಾದ್ದನ್ನು ಹೇಳಿದರು. ರತ್ನಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ನಂಗೆ ಗೊತ್ತಿತ್ತು ಅಮ್ಮೋರೆ. ನಿಮ್ಮನೆ ಕಸಕ್ಕೇ ಕೈ ಹಾಕಿದ್ದು ನಾನು."

ನಮ್ಮ ಮನೆಯ ಕಸಕ್ಕೆ ಕೈ ಹಾಕುವ ಅಗತ್ಯವೇನಿತ್ತು ಎಂದು ನಾನು ಕೇಳಿದೆ. ಇಡೀ ಬೀದಿಯಲ್ಲಿ ವಿಂಗಡಿಸಿದ ಕಸ ನಮ್ಮದೊಂದೇ ಅಲ್ಲವೇ? ರತ್ನಮ್ಮ ನನ್ನ ಕಡೆ ತಿರುಗಿದರು.

"ಐದಾರು ತಿಂಗಳಾಯ್ತು ಸಾ, ಇವ್ರು ಹಸೀದು ಒಣದು ಎಲ್ಲಾ ಬೆರೆಸ್ತಾವ್ರೆ. ಕಣ್ಣು ಕಾಣಕ್ಕಿಲ್ಲ ಇವ್ರಿಗೆ. ನಿಮಗ್ ಗೊತ್ತಿಲ್ವಾ? ಗಾಡಿ ಆ ಕಡೆ ಹೋದ್ ಮೇಲೆ ನಾನೇ ಬೇರೆ ಮಾಡ್ತೀನಿ. ಹೇಳಿದ್ರೆ ನೊಂದ್ಕೊಂಡು ಬುಟ್ಟಿ ಮುಟ್ಟೋದೇ ಬಿಟ್ಬುಡ್ತಾರೆ ಅಂತ ಸುಮ್ನಿದ್ದೆ. ಇವತ್ತು ಮಾತ್ರ ಕ್ವಾಪ ಬಂತು. ಬರಲ್ವಾ ಮತ್ತೆ?"

ನನಗೆ ಒಂದೊಂದೇ ನೆನಪಾಯಿತು. ಅತ್ತೆ ಪೇಪರ್ ಓದುವುದನ್ನು ಬಿಟ್ಟು ತಿಂಗಳುಗಳಾಗಿದ್ದವು. ಅದರಲ್ಲಿ ಓದುವಂಥದ್ದೇನೂ ಬರುವುದಿಲ್ಲ ಎಂದಿದ್ದರು, ನಾನು ಒಪ್ಪಿದ್ದೆ. ಕೈ ನಡುಗುತ್ತದೆ, ಔಷಧಿ ನೀನೇ ಎಳೆದಿಡು ಎಂದು ಶೋಭಾಗೆ ಹೇಳಿದ್ದೂ ಆಗಲೇ. ಅಷ್ಟು ದಿನ ಅತ್ತೆ ಏಳು ಡಬ್ಬಗಳಿಗೂ ಕಸವನ್ನು ಮುಟ್ಟಿ, ಮೂಸಿ, ಸದ್ದು ಕೇಳಿ ಹಾಕುತ್ತಿದ್ದರು. ಒಂದೇ ಮನೆಯಲ್ಲಿದ್ದ ನಾವಿಬ್ಬರು ನೋಡದ್ದನ್ನು ದಿನಕ್ಕೆ ಎರಡು ನಿಮಿಷ ನಮ್ಮ ಗೇಟಿನಲ್ಲಿ ನಿಲ್ಲುತ್ತಿದ್ದವರು ನೋಡಿದ್ದರು.

ಅತ್ತೆ ನೆಲಕ್ಕೆ ಕೈಯೂರಿ ಎದ್ದರು. ಏಳು, ಆಸ್ಪತ್ರೆಗೆ ಹೋಗೋಣ ಎಂದಷ್ಟೇ ಅಂದು ರತ್ನಮ್ಮನನ್ನು ಆಟೋ ಹತ್ತಿಸಿದರು. ಡಾಕ್ಟರು ಸೂಜಿ ಯಾರದು ಎಂದು ಕೇಳಿದಾಗ ಅತ್ತೆ ಸೆರಗು ಸರಿಸಿ ತೋಳು ಮುಂದೆ ಮಾಡಿದರು. ಯಾರದೆಂದು ಗೊತ್ತಾಗದೆ ಇದ್ದಿದ್ದರೆ ಈಕೆ ಒಂದು ತಿಂಗಳು ಮಾತ್ರೆ ನುಂಗಿ, ತಿಂಗಳುಗಟ್ಟಲೆ ಪರೀಕ್ಷೆ ಮಾಡಿಸಿಕೊಂಡು ಹೆದರುತ್ತಾ ಕೂರಬೇಕಾಗುತ್ತಿತ್ತು, ಬಂದು ಹೇಳಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಅತ್ತೆಯ ರಕ್ತದಲ್ಲಿ ಸಕ್ಕರೆ ಬಿಟ್ಟು ಇನ್ನೇನೂ ಇರಲಿಲ್ಲ. ರತ್ನಮ್ಮನಿಗೆ ಕಾಮಾಲೆಯ ಲಸಿಕೆ ಶುರುಮಾಡಿದರು. ಮೂರು ಸಲವೂ ಅತ್ತೆ ಜೊತೆಗೆ ಹೋದರು. ಆಸ್ಪತ್ರೆಯಲ್ಲಿ ಕಸಕ್ಕೆ ನಾಲ್ಕು ಬಣ್ಣದ ಡಬ್ಬಗಳಿವೆ ಎಂದು ತಿಳಿದು, ಯಾವುದಕ್ಕೆ ಏನು ಎಂದು ನರ್ಸನ್ನು ಕೇಳಿ ಕೇಳಿ ಸುಸ್ತು ಮಾಡಿದರಂತೆ.

ಅತ್ತೆಯ ಕಣ್ಣನ್ನೂ ತೋರಿಸಿದೆವು. ಒಂದು ಕಣ್ಣಿನ ಪೊರೆ ತೆಗೆದರು. ಇನ್ನೊಂದನ್ನು ಸಕ್ಕರೆ ಕಾಯಿಲೆ ಆಗಲೇ ತಿಂದಿತ್ತು, ಅದಕ್ಕೆ ಮಾಡುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಅತ್ತೆ ಚೇತರಿಸಿಕೊಳ್ಳುವವರೆಗೆ ಕಸ ವಿಂಗಡಿಸಿದ್ದು ನಾನು ಮತ್ತು ಶೋಭಾ, ಬೆಳಗಿನ ಐದೂವರೆಗೆ ಎದ್ದು, ಒಬ್ಬರನ್ನೊಬ್ಬರು ಬೈದುಕೊಂಡು.

ಕಪ್ಪು ಕನ್ನಡಕ ತೆಗೆದ ಮಾರನೆಯ ಬೆಳಗ್ಗೆ ಅತ್ತೆ ತಾವೇ ಬುಟ್ಟಿ ಹಿಡಿದು ಗೇಟಿಗೆ ಹೋದರು. ರತ್ನಮ್ಮ ಬುಟ್ಟಿ ಇಸಿದುಕೊಳ್ಳಲು ಬಂದಾಗ, ಅತ್ತೆ ಬುಟ್ಟಿ ಕೆಳಗಿಟ್ಟು ಅವರ ಬಲಗೈ ಹಿಡಿದುಕೊಂಡರು. ಗ್ಲೌಸು ಕಳಚಿ, ಬಿಸಿಲಿಗೆ ಹಿಡಿದು, ಬೆರಳುಗಳನ್ನು ಒಂದೊಂದಾಗಿ ನೋಡಿದರು. ಗಾಜು ಕೊಯ್ದದ್ದು, ಬ್ಲೇಡು ಸೀಳಿದ್ದು, ತಗಡು ತರಚಿದ್ದು, ಬೆರಳಿಂದ ಮಣಿಕಟ್ಟಿನವರೆಗೆ ಬಿಳಿಯ ಗೆರೆಗಳು. ಎಷ್ಟು ಮನೆಗಳವೋ.

"ಇದ್ರಲ್ಲಿ ನಂದು ಯಾವ್ದು ರತ್ನಾ?" ಎಂದರು ಅತ್ತೆ.

"ಅದು ಯಾವತ್ತೋ ಮಾಯ್ತು ಬುಡಿ ಅಮ್ಮೋರೆ."

ಅತ್ತೆ ನಂಬಲಿಲ್ಲ. ಕೈ ಬಿಡದೆ ಹುಡುಕುತ್ತಲೇ ಇದ್ದರು. ಗಾಡಿಯ ಹಾಡು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಡ್ರೈವರು ಹಾರ್ನ್ ಮಾಡಲಿಲ್ಲ.