ಫೆಬ್ರವರಿ ಹತ್ತೊಂಬತ್ತರ ದಳಪತಿ

ಫೆಬ್ರವರಿ ಹತ್ತೊಂಬತ್ತರಂದು, ಮೈನಸ್ ಇಪ್ಪತ್ತೇಳು ಡಿಗ್ರಿ ಚಳಿಯಲ್ಲಿ, ಹಿಮಜಾರು ಪಂದ್ಯದಲ್ಲಿ ಸೋತ ಹದಿನಾಲ್ಕು ಹೊಸ ಸೈನಿಕರನ್ನು ಕರ್ನಲ್ ರೂತ್ಸಾಲೊ ಕೈಗವಸು ಬಿಚ್ಚಿಸಿ ಒಂದು ಗಂಟೆ ಮೈದಾನದಲ್ಲಿ ನಿಲ್ಲಿಸಿದ. ಮೂವರ ಬೆರಳುಗಳನ್ನು ಕತ್ತರಿಸಬೇಕಾಯಿತು.

ಏಪ್ರಿಲ್‌ನ ಒಂದು ಗುರುವಾರ ಬೆಳಿಗ್ಗೆ ಉಗ್ರಾಣದ ಸಾರ್ಜೆಂಟ್ ತೌನೊ ಮುಸ್ತೊನೆನ್ ಕಾಲುಚೀಲದ ಕಟ್ಟುಗಳ ನಡುವೆ ಕೂತು ಕಾಫಿ ಕುಡಿಯುತ್ತಿದ್ದ. ಕ್ಯಾಪ್ಟನ್ ಸೌಕ್ಕೊ ಒಳಗೆ ಬಂದವನೇ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ತೌನೊಗೆ ಯಾವ ಕ್ಯಾಪ್ಟನ್ನೂ ಮೊದಲು ಸೆಲ್ಯೂಟ್ ಹೊಡೆದದ್ದಿಲ್ಲ. ಅವನು ಹಿಂದೆ ತಿರುಗಿ ನೋಡಿದ. ಹಿಂದೆ ಕಾಲುಚೀಲಗಳಷ್ಟೇ ಇದ್ದವು.

"ನಿನಗೇ ಕಣಯ್ಯಾ! ಫೆಬ್ರವರಿ ಹತ್ತೊಂಬತ್ತನೇ ತಾರೀಕು ಈ ದಂಡಿಗೆಲ್ಲ ದಳಪತಿ ನೀನೇ."

"ನಾನಾ? ಆವತ್ತು ನಾನು ಕಾಲುಚೀಲ ಎಣಿಸ್ತಾ ಇದ್ದೆ ಸಾಹೇಬ್ರೇ."

"ದಳಪತಿಯಾಗೇ ಎಣಿಸ್ತಾ ಇದ್ದೆ," ಎಂದು ಕ್ಯಾಪ್ಟನ್ ಒಂದು ಕಾಗದ ಮುಂದಿಟ್ಟ.

ಫೆಬ್ರವರಿಯ ಆ ದಿನ ಬಿದ್ದದ್ದು ಹಿಮಜಾರು ರಜೆಯ ವಾರದಲ್ಲಿ, ಊರಿಗೆ ಊರೇ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದಲ್ಲಿ ಜಾರಲು ಹೋಗುವ ವಾರ. ರಜೆ ಹಾಕುವಾಗ ಕರ್ನಲ್ ತನ್ನ ಅಧಿಕಾರವನ್ನು ಮೇಜರ್‌ಗೆ ಬರೆದುಕೊಟ್ಟಿದ್ದ. ಮೇಜರ್ ಅದನ್ನು ಕ್ಯಾಪ್ಟನ್‌ಗೆ ದಾಟಿಸಿದ. ಕ್ಯಾಪ್ಟನ್ನನ ಹೆಂಡತಿ ಕಾರಿನ ಮೇಲೆ ಹಲಗೆಗಳನ್ನು ಕಟ್ಟಿ ಹಾರನ್ ಹೊಡೆಯುತ್ತಿದ್ದಳು. ಅವನು ಮೊದಲು ನೆನಪಾದ ಹೆಸರನ್ನು ಗೀಚಿ ಓಡಿದ್ದ. ಹೀಗೆ ಕರಗಿದ ಹಿಮದ ನೀರಿನಂತೆ ಮಾಡಿನಿಂದ ಇಳಿದಿಳಿದು ಬಂದ ಅಧಿಕಾರ, ತೌನೊಗೆ ಯಾರೂ ಹೇಳದೆ, ಉಗ್ರಾಣದ ಹೊಸ್ತಿಲಲ್ಲಿ ಬಂದು ನಿಂತಿತ್ತು. 'ವಹಿಸಿಕೊಂಡೆ' ಎಂಬಲ್ಲಿ ಸಹಿಯೊಂದು ಬಾಕಿ.

"ಆದ್ರೆ ಹುಡುಗರನ್ನ ನಿಲ್ಲಿಸಿದ್ದು ಕರ್ನಲ್ ಸಾಹೇಬ್ರಲ್ವಾ?"

"ಅವರ ರೈಲು ಸಂಜೆಗಿತ್ತಪ್ಪಾ, ಪಂದ್ಯ ನೋಡೋಕೆ ಬಂದಿದ್ರು. ರಜೆ ಮೇಲಿದ್ದ ಪ್ರೇಕ್ಷಕರು. ಪ್ರೇಕ್ಷಕರು ಏನೋ ಕೂಗ್ತಾರೆ. ತಡೀಬೇಕಾಗಿದ್ದೋನು ದಳಪತಿ. ಎರಡು ಗಂಟೆಗೆ ಹೆಲ್ಸಿಂಕಿಯಿಂದ ಸರ್ಕಾರಿ ವಕೀಲರು ಬರ್ತಾರೆ, ಅಷ್ಟರೊಳಗೆ ಸಹಿ ಹಾಕ್ಬಿಡು. ಇಲ್ದಿದ್ರೆ ಈ ಕಾಗದ ಬಂದ ದಾರೀಲೇ ವಾಪಸ್ ಮೇಲಕ್ಕೆ ಹತ್ತುತ್ತೆ."

ತೌನೊ ಕಾಗದವನ್ನು ಸತ್ತ ಇಲಿಯನ್ನು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ಊಟಕ್ಕೆ ಹೊರಟ.

ಸುದ್ದಿ ಅವನಿಗಿಂತ ಮೊದಲೇ ಕ್ಯಾಂಟೀನ್ ತಲುಪಿತ್ತು. "ದಳಪತಿಗಳಿಗೆ ದಾರಿ ಬಿಡ್ರೋ!" ಎಂದು ಡ್ರೈವರ್‌ಗಳು ಚಮಚದಿಂದ ತಟ್ಟೆ ಬಡಿದರು. ಒಬ್ಬ ತನಗೆ ಫೆಬ್ರವರಿ ಹತ್ತೊಂಬತ್ತಕ್ಕೇ ಬಡ್ತಿ ಕೊಟ್ಟುಬಿಡಿ ಎಂದು ಅರ್ಜಿ ಹಿಡಿದ. ಮತ್ತೊಬ್ಬ, "ಯುದ್ಧ ಯಾರ ಮೇಲೆ ಸಾರಿದ್ರಿ ಸಾರ್ ಆವತ್ತು? ಹೆಗ್ಗಣಗಳ ಮೇಲಾ?" ಎಂದ.

ಬಟಾಣಿ ಸಾರು ಬಡಿಸುತ್ತಿದ್ದ ಹಿಲ್ಯಾ ಅತ್ತೆ ನಗಲಿಲ್ಲ. ಇಡೀ ದಂಡಿಗೆ ಆಕೆ ಅತ್ತೆ.

"ಸಹಿ ಹಾಕ್ತೀಯೇನಯ್ಯಾ ತೌನೊ?"

"ನನಗೇನು ಹುಚ್ಚಾ ಅತ್ತೆ? ನಾನು ಉಗ್ರಾಣದೋನು."

"ಬೆರಳು ಕಳ್ಕೊಂಡೋರಲ್ಲಿ ಆ ಅಕಾರ್ಡಿಯನ್ ನುಡಿಸೋ ಹುಡುಗ ಇದ್ನಲ್ಲ, ಅವನ ತಾಯಿ ಇದೇ ಸಾಲಲ್ಲಿ ನಿಂತಿದ್ಲು. ಐದು ಬಾಗಿಲು ತಟ್ಟಿದ್ಲಂತೆ. ಐದು ಕಡೇನೂ 'ನಾನಲ್ಲ, ನಾನಲ್ಲ'. ಶಿಕ್ಷೆ ಆಮೇಲಾಗ್ಲಿ, ಯಾರಾದ್ರೂ ಒಬ್ರು 'ನಾನು' ಅನ್ನಲಿ ಅತ್ತೆ ಅಂತ ಅತ್ಲು." ಆಕೆ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದಳು. "ನಿನ್ನ ಉಗ್ರಾಣದ ಕಿಟಕಿ ಯಾವ ಕಡೆಗಿದೆ?"

"ಮೈದಾನದ ಕಡೆಗೆ."

"ನೋಡಿದ್ಯಾ?"

ತೌನೊ ಸಾರಿನೊಳಗೆ ಅರೆದ ಸಾಸಿವೆ ಕಲಸಿದ. ಮತ್ತೆ ಕಲಸಿದ. "ನೋಡ್ದೆ ಅತ್ತೆ. ನೋಡಿ, ಮತ್ತೆ ಎಣಿಸೋಕೆ ಕೂತೆ."

ಸಾರು ಗಂಟಲಲ್ಲಿ ಇಳಿಯುವ ಮೊದಲೇ ಕರೆ ಬಂತು: ಕರ್ನಲ್ ಸಾಹೇಬರು ಹಬೆಸ್ನಾನದ ಮನೆಯಲ್ಲಿ, ಸೌನಾದಲ್ಲಿದ್ದಾರೆ.

ಬಿಸಿಕೋಣೆಯ ಮೇಲಿನ ಮೆಟ್ಟಿಲಲ್ಲಿ ರೂತ್ಸಾಲೊ ಬೆಂದ ಬೀಟ್‌ರೂಟಿನಂತೆ ಕೂತಿದ್ದ. ಎದೆಯ ಮೇಲೆ ಪದಕಗಳ ಬದಲು, ಮೈಗೆ ಬಡಿದುಕೊಂಡ ಬರ್ಚ್ ಸೊಪ್ಪಿನ ಎಲೆಗಳು ಅಂಟಿದ್ದವು. ತೌನೊ ಬಟ್ಟೆ ಬಿಚ್ಚಿ, ಎಲ್ಲಿ ಕೈ ಇಟ್ಟು ಸೆಲ್ಯೂಟ್ ಹೊಡೆಯುವುದೆಂದು ತಿಳಿಯದೆ ಕೆಳಗಿನ ಮೆಟ್ಟಿಲಲ್ಲಿ ಕೂತ.

"ಮೇಲೆ ಬಾರಯ್ಯಾ. ಸೌನಾದಲ್ಲಿ ಕರ್ನಲ್ ಇಲ್ಲ, ಸಾರ್ಜೆಂಟ್ ಇಲ್ಲ. ಎಲ್ಲರೂ ಒಂದೇ."

ತೌನೊ ಮೇಲೆ ಹತ್ತಿದ. ಕರ್ನಲ್ ಒಲೆಯ ಕಾದ ಕಲ್ಲುಗಳ ಮೇಲೆ ಒಂದು ಸೌಟು ನೀರು ಸುರಿದ, ಹಬೆ ಬುಸ್ಸೆಂದಿತು. ತೌನೊನ ಕಿವಿ ಹಪ್ಪಳವಾಯಿತು.

"ಸಹಿ ಹಾಕು. ನಿನಗೇನಾಗುತ್ತೆ, ಒಂದು ಎಚ್ಚರಿಕೆ ಪತ್ರ ಅಷ್ಟೇ. ನನಗಾದ್ರೆ ಇಡೀ ಪಡೆಯ ಮಾನ ಹೋಗುತ್ತೆ."

"ಎಲ್ಲರೂ ಒಂದೇ ಅಂದ್ರಲ್ಲ ಸಾಹೇಬ್ರೇ. ಹಾಗಾದ್ರೆ ನೀವೇ ಹಾಕಿ."

ಕರ್ನಲ್ ಇನ್ನೊಂದು ಸೌಟು ಸುರಿದ. ತೌನೊ ಹೊರಗೋಡಿ ಇನ್ನೂ ಕರಗದೆ ಉಳಿದಿದ್ದ ಹಿಮದಲ್ಲಿ ಬಿದ್ದ. ಬರಿಗೈಗಳನ್ನು ಹಿಮಕ್ಕೆ ಊರಿಕೊಂಡು, ಅವು ಉರಿಯತೊಡಗುವವರೆಗೂ ಹಾಗೇ ಇದ್ದ. ಉರಿ ಶುರುವಾದದ್ದು ಒಂದು ನಿಮಿಷಕ್ಕೆ. ಒಂದು ಗಂಟೆಗೆ ಅಂಥವು ಅರವತ್ತು.

ಎರಡು ಗಂಟೆಗೆ ಸಭೆ. ಹೆಲ್ಸಿಂಕಿಯ ವಕೀಲೆ ನೀಲುಂಡ್ ಸಣಕಲು ಹೆಂಗಸು, ಮಾತೂ ಅಷ್ಟೇ ಸಣಕಲು.

"ಆ ದಿನ ದಂಡಿನ ಅಧಿಕಾರ ಯಾರಲ್ಲಿತ್ತು?"

ಕರ್ನಲ್ ಮೇಜರ್‌ನನ್ನು ನೋಡಿದ, ಮೇಜರ್ ಕ್ಯಾಪ್ಟನ್‌ನನ್ನು, ಕ್ಯಾಪ್ಟನ್ ಬಾಗಿಲ ಬಳಿಯ ಕುರ್ಚಿಯನ್ನು. ಆ ಕುರ್ಚಿಯಲ್ಲಿದ್ದ ತೌನೊ ಎದ್ದ.

"ನನ್ನಲ್ಲಿ. ಹೊಣೆ ನನ್ನದು."

ಎಲ್ಲರೆದುರು ಸಹಿ ಹಾಕಿ ಇಂದಿನ ತಾರೀಕನ್ನೇ ಬರೆದ. ಅಧಿಕಾರಿಗಳ ಬೆಂಚಿನಿಂದ ಟೈರಿನ ಗಾಳಿ ಬಿಟ್ಟಂಥ ನಿಟ್ಟುಸಿರು ಬಂತು.

"ಆವತ್ತೇ ನಿಮಗೆ ಗೊತ್ತಿತ್ತೇ?"

"ಇಲ್ಲ. ಇವತ್ತು ಬೆಳಿಗ್ಗೆ ಹೇಳಿದ್ರು. ಆದ್ರೆ ಕಿಟಕಿಯಿಂದ ನೋಡೋಕೆ ಅಧಿಕಾರ ಬೇಕಿರಲಿಲ್ಲ. ನೋಡ್ದೆ. ತಡೀಲಿಲ್ಲ. ಅದು ನನ್ನ ತಪ್ಪು."

"ಅವರನ್ನು ಮೈದಾನದಲ್ಲಿ ನಿಲ್ಲಿಸಲು ಆಜ್ಞೆ ಕೊಟ್ಟದ್ದು ನೀವೇ?"

"ಇಲ್ಲಮ್ಮಾ. ಕರ್ನಲ್ ಸಾಹೇಬ್ರು."

"ಅವರು ರಜೆಯಲ್ಲಿದ್ದರಲ್ಲ?"

"ಹೌದು! ರಜೆಯಲ್ಲಿದ್ದೆ!" ಕರ್ನಲ್ ಮೇಜು ಗುದ್ದಿದ. "ಪೂರ್ತಿ ರಜೆಯಲ್ಲಿ! ಬರೆದುಕೊಳ್ಳಿ!"

ನೀಲುಂಡ್ ಬರೆದುಕೊಂಡಳು.

"ಹಾಗಾದರೆ ಆ ದಿನ ಈ ಸೈನಿಕರ ಮೇಲೆ ನಿಮಗೆ ಯಾವ ಅಧಿಕಾರವೂ ಇರಲಿಲ್ಲ. ತರಬೇತಿ, ಶಿಸ್ತು ಎನ್ನಲು ಬರುವುದಿಲ್ಲ. ದಳಪತಿಯ ಅಪ್ಪಣೆಯಿಲ್ಲದೆ ಒಬ್ಬ ಪ್ರೇಕ್ಷಕ ಹದಿನಾಲ್ಕು ಜನರನ್ನು ಹಿಡಿದು ಹಿಂಸಿಸಿದ ಎಂದಾಗುತ್ತದೆ." ಆಕೆ ಹಾಳೆ ತಿರುವಿದಳು. "ಹೇಳದೆ ಕೇಳದೆ ದಂಡನ್ನು ಉಗ್ರಾಣದವನಿಗೆ ಬಿಟ್ಟುಹೋದ ಮೇಜರ್, ಕ್ಯಾಪ್ಟನ್ ಇಬ್ಬರೂ ಕೂತೇ ಇರಿ. ಆರೋಪಿಗಳು ನಾಲ್ವರು. ಒಂದನೆಯವರು, ತೌನೊ ಮುಸ್ತೊನೆನ್."

ಬೀಟ್‌ರೂಟು ಮೂಲಂಗಿಯಾಯಿತು. ಕರ್ನಲ್ ಎದ್ದು ತೌನೊನ ಮುಂದೆ ಬಂದು ನಿಂತ.

"ಸಾರ್ಜೆಂಟ್, ಆ ಸಹಿ ಹೊಡೆದುಹಾಕು. ನೀನೂ ಮುಳುಗ್ತೀಯ, ಮೊದಲನೇ ಹೆಸರೇ ನಿಂದು! ಹೊಡೆದುಹಾಕು. ಇದು ಆಜ್ಞೆ!"

ತೌನೊ ಕಾಲು ಜೋಡಿಸಿ ನಿಂತ. ಇಷ್ಟು ವರ್ಷದಲ್ಲಿ ಅವನ ಬೆನ್ನು ಅಷ್ಟು ನೆಟ್ಟಗಾದದ್ದನ್ನು ಯಾರೂ ಕಂಡಿರಲಿಲ್ಲ.

"ಇಲ್ಲ ಸಾಹೇಬ್ರೇ. ಆವತ್ತು ಅವರು ನನ್ನ ಹುಡುಗರು. ಹೊಡೆದುಹಾಕಲ್ಲ."