ನಮ್ಮ ಭಾವನ ‘ಎಂತ ಪದಾರ್ಥ?’

ನಮ್ಮ ಭಾವನಷ್ಟು ಧಾರಾಳವಾಗಿ ‘ಗೊತ್ತಿಲ್ಲ’ ಎನ್ನುವ ಡಾಕ್ಟರು ಉಡುಪಿಯಿಂದ ಕಾರ್ಕಳದವರೆಗೆ ಹುಡುಕಿದರೂ ಇನ್ನೊಬ್ಬರು ಸಿಗಲಿಕ್ಕಿಲ್ಲ. ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಕಾಪು, ಕೆಲಸ ಮಣಿಪಾಲದಲ್ಲಿ, ಹೃದಯದ ಡಾಕ್ಟರು. ಕುಟುಂಬದಲ್ಲೇ ಹೃದಯದ ಡಾಕ್ಟರೊಬ್ಬರು ಇದ್ದರೆ ನೆಂಟರಿಗೆಲ್ಲ ಎಷ್ಟು ಧೈರ್ಯ ಇರಬೇಡ? ನಮ್ಮಲ್ಲಿ ಹಾಗಲ್ಲ. ಇದ್ದ ಧೈರ್ಯವೂ ಅವರೊಡನೆ ಹತ್ತು ನಿಮಿಷ ಮಾತಾಡಿದರೆ ಕರಗಿ ಹೋಗುತ್ತದೆ.

ಕಲ್ಯಾಣಪುರದ ಚಿಕ್ಕಮ್ಮ ಒಮ್ಮೆ ಮದುವೆ ಮನೆಯಲ್ಲಿ ಅವರನ್ನು ಹಿಡಿದು ನಿಲ್ಲಿಸಿದರು. ಚಿಕ್ಕಪ್ಪನಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿ ಸ್ವಲ್ಪ ಸಮಯವಾಗಿತ್ತು. “ಇವರಿಗೆ ಇನ್ನೊಮ್ಮೆ ಬರುವುದಿಲ್ಲ ಅಲ್ವಾ ಡಾಕ್ಟ್ರೇ?”

“ಗೊತ್ತಿಲ್ಲ ಚಿಕ್ಕಮ್ಮ. ಬಾರದ ಹಾಗೆ ನೋಡಿಕೊಳ್ಳುವ.”

ಚಿಕ್ಕಮ್ಮ ಮರುದಿನವೇ ಜ್ಯೋತಿಷಿಗಳಲ್ಲಿಗೆ ಹೋದರು. ಅವರಿಗೆ ಎಲ್ಲವೂ ಗೊತ್ತಿತ್ತು.

ಮೀನು ಮಾರ್ಕೆಟಿನಲ್ಲಿ ಭಾವನನ್ನು ನೋಡಬೇಕು ನೀವು. ಬಂಗುಡೆಯ ಕಿವಿರು ಎತ್ತುತ್ತಾರೆ, ಬೂತಾಯಿಯ ಕಣ್ಣು ಪರೀಕ್ಷಿಸುತ್ತಾರೆ, ಪುನಃ ಬಂಗುಡೆಗೆ ಬರುತ್ತಾರೆ. ಯಾವುದು ಕೊಂಡರೂ ಇನ್ನೊಂದೇ ಒಳ್ಳೆಯದಿತ್ತೋ ಎಂಬ ಸಂಶಯ. ಕೊನೆಗೊಂದು ದಿನ ಮೀನಿನ ಹೆಂಗಸು ಹೇಳಿಯೇ ಬಿಟ್ಟಳಂತೆ: “ಡಾಕ್ಟ್ರೇ, ಅದು ಸತ್ತು ಆಗಿದೆ. ಇನ್ನು ಎಷ್ಟು ನೋಡಿದರೂ ಪ್ರಯೋಜನ ಇಲ್ಲ.”

ಬಂಗುಡೆ, ಬೂತಾಯಿ ನಡುವೆ ಒಂದನ್ನು ಆರಿಸಲಾಗದ ಈ ಮನುಷ್ಯ ಹೃದಯಕ್ಕೆ ಹೇಗೆ ಕೈ ಹಾಕುತ್ತಾರೆ? ಈ ಕುತೂಹಲ ನನಗೆ ಮೊದಲಿನಿಂದಲೂ ಇತ್ತು. ಅಕ್ಕನನ್ನು ಕೇಳಿದೆ. “ಆಸ್ಪತ್ರೆಯಲ್ಲಿ ಹೀಗಲ್ಲ ಮಾರಾಯ್ತಿ. ರಕ್ತನಾಳ ಕಟ್ಟಿಕೊಂಡವರು ಬಂದರೆ ನಿಂತಲ್ಲೇ ತೀರ್ಮಾನ. ಅದು ಗೊತ್ತಿರುವ ದಾರಿಯಲ್ಲವಾ? ದಾರಿಯೇ ಇಲ್ಲದ ಕಡೆ ಹೋಗುವಾಗ ಮಾತ್ರ ಇವರಿಗೆ ಊಟ ನಿದ್ದೆ ಎರಡೂ ಇಲ್ಲ” ಎಂದಳು.

ಆ ದಾರಿ ಇಲ್ಲದ ಕಡೆ ನಮ್ಮ ಮನೆಯೇ ಆಗಬೇಕೆ?

ನನ್ನ ಗಂಡನ ತಾಯಿ, ಅಂದರೆ ನಮ್ಮ ಅತ್ತೆ, ಎಂಬತ್ತು ದಾಟಿದವರು. ಕುಕ್ಕುಂದೂರಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ಬೆಳಿಗ್ಗೆ ಕಾಗೆಯೊಂದಿಗೆ ಮಾತು ಶುರುಮಾಡಿದರೆ ಕುಕ್ಕರಿನೊಂದಿಗೆ, ಟಿ.ವಿ.ಯಲ್ಲಿ ವಾರ್ತೆ ಓದುವವಳೊಂದಿಗೆ ಮುಂದುವರಿಸಿ, ರಾತ್ರಿ ದೇವರೊಂದಿಗೆ ಮುಗಿಸುತ್ತಾರೆ. ಈ ಅತ್ತೆಯ ಹೃದಯದ ಬಡಿತ ತಾಳ ತಪ್ಪಿದೆ ಎಂದು ಇಸಿಜಿಯಲ್ಲಿ ಗೊತ್ತಾಯಿತು. ಹಾಗೆ ಬಡಿಯುವ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಲಕ್ವ ಹೊಡೆಯಬಹುದಂತೆ. ಅದಕ್ಕೆ ರಕ್ತ ತೆಳುವಾಗುವ ಮಾತ್ರೆ ಉಂಟು. ಕೊಟ್ಟರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ಅತ್ತೆಗೆ ಹಿಂದೊಮ್ಮೆ ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗಿ ಜೀವವೇ ಹೋಗುವ ಹಾಗಾಗಿತ್ತು. ಮೇಲಿಂದ ಈಚೆಗೆ ಎರಡು ಸಲ ಜಾರಿ ಬಿದ್ದಿದ್ದರು.

“ಈ ಮಾತ್ರೆಯ ಮೇಲೆ ದೊಡ್ಡ ದೊಡ್ಡ ಅಧ್ಯಯನಗಳು ಇಲ್ಲವಾ ಭಾವ?” ಎಂದು ಕೇಳಿದೆ.

“ಉಂಟು. ಆದರೆ ಇಷ್ಟು ಪ್ರಾಯದವರು, ಬೀಳುವವರು, ರಕ್ತ ಹೋದವರು ಬಂದರೆ ಅಧ್ಯಯನಕ್ಕೆ ಸೇರಿಸದೆ ಹೆಚ್ಚಾಗಿ ಬಾಗಿಲಿನಿಂದಲೇ ವಾಪಸು ಕಳಿಸಿರ್ತಾರೆ. ಆ ಪಂಕ್ತಿಯಲ್ಲಿ ನಿನ್ನ ಅತ್ತೆಗೆ ಎಲೆಯೇ ಹಾಕಿಲ್ಲ. ನನ್ನ ಜೊತೆಯ ಇಬ್ಬರು ಡಾಕ್ಟರನ್ನು ಕೇಳಿದೆ. ಒಬ್ಬರು ಕೊಡು ಅಂದರು, ಒಬ್ಬರು ಬೇಡ ಅಂದರು. ಇಬ್ಬರೂ ನನಗಿಂತ ಬುದ್ಧಿವಂತರು. ಅದೇ ತೊಂದರೆ.”

ಒಂದು ಆದಿತ್ಯವಾರ ಮನೆಗೇ ಬಂದರು. ಅತ್ತೆಯನ್ನು ಪರೀಕ್ಷಿಸುತ್ತಾರೆ ಎಂದು ನಾವು ಕುರ್ಚಿ ಹಾಕಿ ಕಾದರೆ ಇವರು ಸೀದಾ ಬಚ್ಚಲುಮನೆಗೆ ಹೋದರು. ಅಲ್ಲಿನ ಪಾಚಿಯನ್ನು ಕಾಲ್ಬೆರಳಿನಿಂದ ಉಜ್ಜಿ ನೋಡಿದರು. ನಾನು ಇಷ್ಟಪಟ್ಟು ತಂದ ಕಾಲೊರೆಸನ್ನು ಎತ್ತಿ ಹೊರಗೆ ಹಾಕಿದರು. ಅತ್ತೆ ಮಲ್ಲಿಗೆ ಗಿಡದವರೆಗೆ ಹೋಗಿ ಬರುವುದನ್ನು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕುಳಿತು ನೋಡಿದರು. “ಇವರು ಡಾಕ್ಟ್ರಾ, ಮನೆ ಕೊಳ್ಳಲಿಕ್ಕೆ ಬಂದವರಾ?” ಎಂದು ನನ್ನ ಗಂಡ ಕಿವಿಯಲ್ಲಿ ಕೇಳಿದರು.

ಕೊನೆಗೆ ಅತ್ತೆಯ ಎದುರು ಕುಳಿತರು. “ಅಮ್ಮ, ಮಾತ್ರೆ ಕೊಟ್ಟರೆ ಪುನಃ ರಕ್ತ ಹೋಗಬಹುದು. ಕೊಡದಿದ್ದರೆ ಒಂದು ದಿನ ಕೈಕಾಲು ಬೀಳಬಹುದು, ಮಾತು ನಿಲ್ಲಬಹುದು. ಎರಡೂ ಆಗದೆಯೂ ಇರಬಹುದು. ನಿಮಗೆ ಯಾವುದರ ಹೆದರಿಕೆ ಜಾಸ್ತಿ?”

“ಡಾಕ್ಟ್ರು ನೀವಾ, ನಾನಾ?”

“ಡಾಕ್ಟ್ರು ನಾನೇ. ಹೃದಯ ನಿಮ್ಮದಲ್ವಾ?”

ಅತ್ತೆ ಟಿ.ವಿ. ಆರಿಸಿದರು. ನಾನು ಈ ಮನೆಗೆ ಬಂದ ಮೇಲೆ ವಾರ್ತೆ ಮುಗಿಯುವ ಮೊದಲು ಅವರು ಅದನ್ನು ಆರಿಸಿದ್ದು ಅದೇ ಮೊದಲು. ಆಮೇಲೆ ಹೇಳಿದರು: “ರಕ್ತ ಹೋದರೆ, ರಕ್ತ ಹೋಗ್ತಾ ಉಂಟು ಅಂತ ಹೇಳಲಿಕ್ಕಾದರೂ ಆಗ್ತದೆ. ಮಾತೇ ಹೋದರೆ ಯಾರಿಗೆ ಎಂತ ಹೇಳುವುದು?”

“ಮನೆಯವರಿಗೆ ಸ್ವಲ್ಪ ವಿಶ್ರಾಂತಿ” ಎಂದರು ನನ್ನ ಗಂಡ, ಮೆಲ್ಲಗೆ.

“ನನಗೆ ಕೇಳಿಸ್ತದೆ ಮಾರಾಯ.”

ಭಾವ ಎದ್ದರು. ಮಾತ್ರೆ ಶುರು ಮಾಡುವ ಎಂದರು. ಜೊತೆಗೆ ಹೊಟ್ಟೆಯನ್ನು ಕಾಯುವುದಕ್ಕೂ ಒಂದು ಮಾತ್ರೆ, ಬಚ್ಚಲಿಗೆ ಹಿಡಿದುಕೊಳ್ಳುವ ಸರಳು. ಗೇಟಿನವರೆಗೆ ಹೋಗಿ ಕೇಳಿದೆ: “ಇದು ಸರಿಯಾದ ತೀರ್ಮಾನ ಅಲ್ವಾ ಭಾವ?”

“ಗೊತ್ತಿಲ್ಲ” ಎಂದು ಕಾರು ಹತ್ತಿದರು.

ಮರುದಿನದಿಂದ ಹೊಸತೊಂದು ಶುರುವಾಯಿತು. ಮಧ್ಯಾಹ್ನ ನಮ್ಮ ಊಟಕ್ಕೆ ಮೊದಲು ಫೋನು. ಬೇರೆ ಮಾತಿಲ್ಲ, ಅತ್ತೆಗೇ ಕೊಡಬೇಕು. “ಅಮ್ಮ, ಇವತ್ತು ಎಂತ ಪದಾರ್ಥ?” ಅತ್ತೆ ಆ ದಿನದ ಸಾರು, ಪಲ್ಯದ ಹೆಸರಿನಿಂದ ಹೊರಟು ತೆಂಗಿನಕಾಯಿ ಎಷ್ಟು ಬೆಳೆದಿತ್ತು, ಸೊಸೆ ಹುಳಿ ಎಷ್ಟು ಹೆಚ್ಚು ಹಾಕಿದಳು ಎನ್ನುವವರೆಗೆ ಹೋಗುತ್ತಿದ್ದರು. ಆ ಕಡೆಯಿಂದ ಬರೀ ಹೂಂ, ಹೂಂ. ದಿನಾ ಕೇಳುತ್ತಾರಲ್ಲ ಎಂದು ಅತ್ತೆಗೆ ಮರ್ಯಾದೆಯ ಪ್ರಶ್ನೆಯಾಯಿತು. ಮನೆಯಲ್ಲಿ ಗಂಜಿ, ಉಪ್ಪಿನಕಾಯಿ ಇದ್ದ ದಿನ ಫೋನಿನಲ್ಲಿ ಕೋಳಿ ಸುಕ್ಕ ಮಾಡತೊಡಗಿದರು. “ನಿನ್ನ ಅಕ್ಕ ಅವರಿಗೆ ಊಟ ಹಾಕುವುದಿಲ್ಲವಾ?” ಎಂದು ನನ್ನ ಗಂಡನಿಗೆ ಚಿಂತೆ. ಭಾವನಿಗೆ ಇಷ್ಟು ಹೊಟ್ಟೆಬಾಕತನ ಯಾವಾಗ ಬಂತು ಎಂದು ನನಗೂ ಆಶ್ಚರ್ಯ.

ಹೀಗಿರುವಾಗ ಒಂದು ದಿನ ಫೋನು ಬರುವುದು ತಡವಾಯಿತು. ಅತ್ತೆ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡಿದ್ದರು. ನಾನು ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಫೋನು ಬಂತು, ಅತ್ತೆಯೇ ಎತ್ತಿದರು. ಬಾಯಿ ತುಂಬಿದೆ, ರಸ ಚೆಲ್ಲಬಾರದು ಎಂದು ಗದ್ದ ಮೇಲೆತ್ತಿ ಏನೋ ಹೇಳಿದರು. “ಇನ್ನೊಮ್ಮೆ ಹೇಳಿ ಅಮ್ಮ” ಎಂದರಂತೆ ಭಾವ. ಇನ್ನೊಮ್ಮೆಯೂ ಅದೇ ಗೊಳಗೊಳ. ಅತ್ತೆಗೆ ಸಿಟ್ಟು ಬಂದು ಫೋನು ಇಟ್ಟರು. ಆಮೇಲೆ ಒಂದೇ ಸಮನೆ ಫೋನು ಬಂದರೂ ಅವರು ಎತ್ತಲಿಲ್ಲ, ಹಿತ್ತಿಲಲ್ಲಿದ್ದ ನನಗೆ ಕೇಳಿಸಲಿಲ್ಲ.

ಪಾತ್ರೆ ಮುಗಿಸಿ ನಾನು ಒಳಗೆ ಬರುವಾಗ ಅಂಗಳದಲ್ಲಿ ಕಾರಿನ ಬ್ರೇಕು. ಭಾವ! ಪುಣ್ಯಕ್ಕೆ ಇಲ್ಲೇ ಹತ್ತಿರ ಬೈಲೂರಿನಲ್ಲಿ ಗೃಹಪ್ರವೇಶಕ್ಕೆ ಬಂದಿದ್ದರು. ಪಂಕ್ತಿಯಿಂದಲೇ ಎದ್ದು ಬಂದದ್ದು. ಕಾಲಲ್ಲಿ ಚಪ್ಪಲಿ ಇಲ್ಲ, ಬಲಗೈಯಲ್ಲಿ ಅನ್ನದ ಅಗುಳು, ಎತ್ತಿ ಹಿಡಿದ ಪಂಚೆ ಎಡಗೈಯಲ್ಲಿ.

“ಅಮ್ಮ, ಎರಡು ಕೈ ಎತ್ತಿ. ಒಮ್ಮೆ ನಗಿ.”

ಅತ್ತೆಗೆ ಇವರ ಹುಚ್ಚು ಹೊಸತಲ್ಲವಲ್ಲ. ಎರಡೂ ಕೈ ಎತ್ತಿ ನಕ್ಕರು. ಬಾಯಿಯ ಎರಡೂ ಬದಿಯಿಂದ ಕೆಂಪು ಇಳಿಯಿತು.

ಭಾವನ ಮುಖ ನೋಡಿದೆ. ಅಷ್ಟು ದಿನ ತೂಗಿ ನೋಡಿದ ಎರಡು ಹೆದರಿಕೆಗಳೂ ಒಟ್ಟಿಗೆ ಎದುರು ಬಂದು ನಿಂತ ಹಾಗಿತ್ತು ಆ ಒಂದು ಕ್ಷಣ. ಅತ್ತೆ ನಿಧಾನವಾಗಿ ಅಂಗಳಕ್ಕಿಳಿದು, ತೆಂಗಿನ ಬುಡಕ್ಕೆ ಉಗಿದು, ಸೆರಗಿನಲ್ಲಿ ಬಾಯಿ ಒರೆಸಿ ಹೇಳಿದರು: “ಬಸಳೆ ಅಂತ ಆಗಲೇ ಹೇಳಿದೆನಲ್ಲ? ಅದಕ್ಕೆ ಇಲ್ಲಿಯವರೆಗೆ ಓಡಿ ಬರಬೇಕಾ?”

ಭಾವ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನೀರು ಕೊಟ್ಟೆ. ಲೋಟ ಹಿಡಿದ ಕೈಯಲ್ಲಿ, ದಿನಾ ಹೃದಯದ ಒಳಗೆ ತಂತಿ ಹಾಕುವ ಆ ಕೈಯಲ್ಲಿ, ಅನ್ನದ ಅಗುಳು ಇನ್ನೂ ಅಂಟಿಕೊಂಡಿತ್ತು.

“ನೀವು ಇಷ್ಟು ದಿನ ಕೇಳಿದ್ದು ಪದಾರ್ಥ ಅಲ್ಲ, ಅತ್ತೆಯ ಮಾತು ಸರಿ ಉಂಟಾ ಅಂತ” ಎಂದೆ.

ನೀರು ಕುಡಿದು ಮುಗಿಸಿ ಅವರು ಹೇಳಿದರು: “ಗೊತ್ತಿಲ್ಲ ಅಂತ ಹೇಳಿ ಮಾತ್ರೆ ಕೊಟ್ಟ ಮೇಲೆ, ಕೇಳ್ತಾ ಇರಬೇಕಲ್ವಾ?”

ಈಗ ಫೋನು ತಡವಾದ ದಿನ, ಊಟವಾದ ಮೇಲೆ ಅತ್ತೆ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ಕೈಯಲ್ಲೇ ಹಿಡಿದುಕೊಂಡು ಕೂರುತ್ತಾರೆ. ಕೆಲವು ದಿನ ಆಸ್ಪತ್ರೆಯಲ್ಲಿ ಕೆಲಸ ಮುಗಿಯದೆ ಫೋನು ಬರುವಾಗ ಮೂರು ಗಂಟೆ ದಾಟಿರುತ್ತದೆ. ಎಲೆ ಬಾಡಿರುತ್ತದೆ. “ಹಾಕಿಕೊಳ್ಳಿ ಅತ್ತೆ” ಎಂದರೆ ಕೇಳುವುದಿಲ್ಲ.

“ಇರು. ಅವರು ಒಮ್ಮೆ ನನ್ನ ಮಾತು ಕೇಳಲಿ. ಪಾಪ, ಅವರಿಗಿನ್ನೂ ಊಟ ಮಾಡಲಿಕ್ಕೆ ಉಂಟು.”