ಎಣ್ಣೆ ಮೂಸುವ ಭಾವ

ಹುಣಸೂರಿನಲ್ಲಿ ಸ್ವಂತ ಕಾರಿಟ್ಟುಕೊಂಡು ಎಲ್ಲ ಕಡೆಗೂ ನಡೆದೇ ಹೋಗುತ್ತಿದ್ದ ಮಹಾನುಭಾವರು ಒಬ್ಬರೇ. ಅವರು ನಮ್ಮ ಭಾವ. ಕಾರು ಕೆಟ್ಟಿತ್ತೇ? ಇಲ್ಲ. ಓಡಿಸಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಮತ್ತೇನು ಅಂತೀರಾ? ಯಾವಾಗ ನೋಡಿದರೂ ಆ ಕಾರಿಗೆ ಎಣ್ಣೆ ಬದಲಾಯಿಸುವ ಕೆಲಸ ನಡೆದಿರುತ್ತಿತ್ತು, ಇಲ್ಲವೇ ಈಗತಾನೇ ಮುಗಿದಿರುತ್ತಿತ್ತು, ಇಲ್ಲವೇ ನಾಳೆ ಶುರುವಾಗುವುದರಲ್ಲಿರುತ್ತಿತ್ತು!

ಭಾವ ಎಂದರೆ ನನ್ನ ಅಕ್ಕನ ಗಂಡ. ಪೇಟೆ ಬೀದಿಯಲ್ಲಿ ರಾಗಿ ಮಂಡಿ ಇಟ್ಟಿದ್ದರು. ಹಣೆ ತುಂಬ ವಿಭೂತಿ, ಪಂಚೆ ತುಂಬ ಎಣ್ಣೆಯ ಕಲೆ. ಕೊಡಗಿನ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾರಿದ ಹಳೇ ಕಾರನ್ನು ಕೊಂಡು ತಂದಿದ್ದರು. ಆ ದೊರೆ ಕಾರು ಒಪ್ಪಿಸುವಾಗ, ಎಣ್ಣೆಯೇ ಇಂಜಿನ್ನಿನ ಜೀವ, ಅದೊಂದನ್ನು ನೋಡಿಕೊಂಡರೆ ಸಾಕು ಎಂದಿದ್ದನಂತೆ. ಗುರೂಪದೇಶವನ್ನೂ ಜನ ಅಷ್ಟು ನಿಷ್ಠೆಯಿಂದ ಪಾಲಿಸುವುದಿಲ್ಲ. ನಾನು ಅದೇ ಊರಿನಲ್ಲಿ ಸ್ಕೂಲ್ ಮೇಷ್ಟ್ರು. ಇನ್ನೂ ಮದುವೆಯಾಗಿರಲಿಲ್ಲವಾದ್ದರಿಂದ ಎರಡು ಹೊತ್ತಿನ ಊಟ ಅಕ್ಕನ ಮನೆಯಲ್ಲೇ. ಹೀಗಾಗಿ ಈ ಪುರಾಣವನ್ನೆಲ್ಲ ನಾನು ಕಣ್ಣಾರೆ ಕಂಡವನು.

ಬೆಳಿಗ್ಗೆ ಲಿಂಗಪೂಜೆ ಮುಗಿಸಿದರೆ ಭಾವ ನೇರವಾಗಿ ಕೊಟ್ಟಿಗೆಗೆ. ಕಾರು ಅಲ್ಲಿಗೆ ಬಂದ ದಿನವೇ ಹಸುವಿಗೆ ಹಿತ್ತಿಲಿಗೆ ವರ್ಗವಾಗಿತ್ತು. ಇಂಜಿನ್ನಿನಿಂದ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ತುದಿಯ ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಮೂಸುತ್ತಿದ್ದರು. ಸಂತೆಯಲ್ಲಿ ತುಪ್ಪ ಕೊಳ್ಳುವವರು ಹೀಗೆ ಮಾಡುವುದುಂಟು. ಆದರೆ ಅವರು ತಮ್ಮ ಪಾಡಿಗೆ ಮೂಸುತ್ತಾರೆ. ಭಾವ ತಾವು ಮೂಸಿದ್ದಲ್ಲದೆ ಬಂದವರ ಮೂಗಿಗೂ ಹಿಡಿಯುತ್ತಿದ್ದರು. ಮನೆಗೆ ಬಂದವರಿಗೆ ಮೊದಲು ಕಡ್ಡಿ, ಆಮೇಲೆ ಕಾಫಿ! ಒಮ್ಮೆ ಮಂಡಿಯ ತನಿಖೆಗೆಂದು ಅಮಲ್ದಾರರು ಬಂದಾಗಲೂ ಭಾವ ಕಡ್ಡಿ ಹಿಡಿದೇ ಎದುರುಗೊಂಡರು. ಅಮಲ್ದಾರರು ಬೆಚ್ಚಿ ಹಿಂದೆ ಸರಿದರು. ಕಡ್ಡಿ ಮುಂದೆ ಸರಿಯಿತು. ಅವರ ಜರಿಪೇಟದ ಅಂಚಿಗೆ ಒಂದು ಕಪ್ಪು ಗೆರೆ ಬಿತ್ತು. ಅಂದಿನಿಂದ ಅವರು ತನಿಖೆಗೆ ಬರುವ ಮೊದಲು ಜವಾನನನ್ನು ಕಳಿಸಿ, ಯಜಮಾನರ ಕೈಯಲ್ಲಿ ಏನಿದೆ ಎಂದು ವಿಚಾರಿಸಿಕೊಳ್ಳುತ್ತಿದ್ದರು.

ಇನ್ನು ಎಣ್ಣೆ ಆರಿಸುವುದೋ, ಹೆಣ್ಣು ನೋಡುವ ಶಾಸ್ತ್ರಕ್ಕಿಂತ ದೊಡ್ಡ ಶಾಸ್ತ್ರ. ಮೈಸೂರಿನಿಂದ ಬಗೆಬಗೆಯ ಡಬ್ಬಗಳು ಬರುತ್ತಿದ್ದವು. ಬೇಸಗೆಗೆ ಗಟ್ಟಿ ಎಣ್ಣೆಯಾಗಬೇಕು, ಚಳಿಗೆ ತೆಳುವಾದದ್ದಾಗಬೇಕು. ಭಾವ ಅಕ್ಕನ ಊಟದ ತಟ್ಟೆಯನ್ನು ಓರೆಯಾಗಿ ಹಿಡಿದು, ಎರಡು ಬಗೆಯ ಎಣ್ಣೆಯ ಹನಿ ಬಿಟ್ಟು, ಯಾವುದು ಮೊದಲು ಕೆಳಗಿಳಿಯುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದರು. ತಟ್ಟೆಯ ಮಟ್ಟಿಗೆ ಅಕ್ಕ ಸುಮ್ಮನಿದ್ದಳು. ಆದರೆ ಒಂದು ದಿನ ಇಂಜಿನ್ನಿನ ತಳದ ಬಿರಡೆ ಬಿಚ್ಚಿ ಹಳೇ ಎಣ್ಣೆ ಇಳಿಸಲು ಕೈಗೆ ಏನೂ ಸಿಕ್ಕದೆ, ಅವಳು ಕಜ್ಜಾಯ ಕರಿಯುವ ಬಾಣಲೆಯನ್ನೇ ಕೆಳಗಿಟ್ಟುಬಿಟ್ಟರು. ಅಕ್ಕ ಬಂದು ನೋಡಿದಳು. ಕೂಗಾಡಲಿಲ್ಲ.

"ಬಾಣ್ಲೆ ನೀವೇ ಇಟ್ಕಳ್ಳಿ. ಇನ್ಮೇಕೆ ಕಜ್ಜಾಯಾನೂ ನಿಮ್ ಕಾರೇ ಕರ್ಕೊಡ್ಲಿ" ಎಂದು ಒಳಗೆ ಹೋದಳು.

ಆ ವರ್ಷದ ದೀಪಾವಳಿಗೆ ನಮಗೆ ಸಿಕ್ಕಿದ್ದು ಬೆಲ್ಲದ ಚೂರು. ತಪ್ಪು ಮಾಡಿದ್ದು ಭಾವ, ಬಾಯಿ ಸಪ್ಪೆಯಾದದ್ದು ನನ್ನದು. ಇದ್ಯಾವ ನ್ಯಾಯ ಹೇಳಿ!

ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡ ಕಾರು ಓಡಬೇಡವೇ? ಹೊಸ ಎಣ್ಣೆ ಹುಯ್ದ ದಿನ ಹೊರಡೋಣ ಎಂದರೆ, ಅದು ನೆಲೆ ನಿಲ್ಲಬೇಕು ಎನ್ನುತ್ತಿದ್ದರು. ಉಪ್ಪಿನಕಾಯಿಗೆ ಹೇಳುವ ಮಾತು! ಸ್ವಲ್ಪ ದಿನ ಬಿಟ್ಟು ಕೇಳಿದರೆ, ಎಣ್ಣೆ ಹಳತಾಯಿತು, ಹಳೇ ಎಣ್ಣೆಯಲ್ಲಿ ದೂರ ಹೋಗಬಾರದು ಎನ್ನುತ್ತಿದ್ದರು. ಹೀಗಾಗಿ ಆ ಕಾರು ಲಕ್ಷ್ಮಣತೀರ್ಥದ ಸೇತುವೆಯವರೆಗೆ ಹೋಗಿ, ಗಾಳಿ ಸೇವಿಸಿ, ಮರಳಿ ಕೊಟ್ಟಿಗೆ ಸೇರುತ್ತಿತ್ತು.

ಊರೆಲ್ಲ ನಗುತ್ತಿತ್ತು. ಅಕ್ಕ ಮಾತ್ರ ನಗುತ್ತಿರಲಿಲ್ಲ. ನಮ್ಮ ಅವ್ವ ಪಿರಿಯಾಪಟ್ಟಣದ ಕಡೆಯ ಹಾರನಹಳ್ಳಿಯಲ್ಲಿ ನಮ್ಮ ಅಣ್ಣನ ಜೊತೆಗಿದ್ದಳು. ಅವಳ ಕಣ್ಣಿಗೆ ಪೊರೆ ಬರುತ್ತಿತ್ತು. ಅಳಿಯ ಕಾರು ಕೊಂಡ ಸುದ್ದಿ ಕೇಳಿದ ದಿನದಿಂದ ಅವಳಿಗೆ ಒಂದೇ ಆಸೆ. ಮಗಳು ಕಾರಿನಲ್ಲಿ ಬಂದು ಬಾಗಿಲಲ್ಲಿ ಇಳಿಯುವುದನ್ನು ಕಣ್ಣು ಪೂರ್ತಿ ಮುಚ್ಚುವುದರೊಳಗೆ ನೋಡಬೇಕು. ನಾನು ಊರಿಗೆ ಹೋದಾಗೆಲ್ಲ ಕೇಳುತ್ತಿದ್ದಳು.

"ನಿಮ್ ಭಾವ್ನೋರ ಎಣ್ಣೆ ಯಾವಾಗಪ್ಪ ಪಕ್ವ ಆಗೋದು? ನನ್ ಕಣ್ ಇರೋವಾಗ್ಲೇ ಆದೀತಾ?"

ನಾನು ಬಂದು ಭಾವನಿಗೆ ಹೇಳುತ್ತಿದ್ದೆ. ಭಾವ ಆ ಕೂಡಲೇ ಹೋಗಿ ಕಡ್ಡಿ ಎಳೆದು ಮೂಸುತ್ತಿದ್ದರು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಪೆಟ್ರೋಲಿಗೆ ಕೂಪನ್ ಆಯಿತು. ಊರಿನ ಇದ್ದಬದ್ದ ಮೋಟಾರುಗಳೆಲ್ಲ ಪೆಟ್ರೋಲಿಲ್ಲದೆ ನಿಂತವು. ನಮ್ಮ ಭಾವನ ಹತ್ತಿರ ಪೆಟ್ರೋಲ್ ಬೇಕಾದಷ್ಟಿತ್ತು. ಕಾರು ಓಡಿದ್ದರೆ ತಾನೇ ಖರ್ಚಾಗಲು! ಇಲ್ಲದ್ದು ಎಣ್ಣೆ. ಹೊಸ ಡಬ್ಬ ಬಂದೇ ಬರುತ್ತದೆಂದು ಹಳೆಯದನ್ನು ಇಳಿಸಿ, ಚಕ್ರದ ಕೀಲಿಗೆ ಹಚ್ಚಿಕೊಳ್ಳಿ ಎಂದು ಗಾಡಿಯವರಿಗೆ ದಾನ ಮಾಡಿ ಕೂತಿದ್ದರು. ಡಬ್ಬ ಬರಲಿಲ್ಲ. ಕಾರು ಬರಿಹೊಟ್ಟೆಯಲ್ಲಿ ನಿಂತಿತು. ಭಾವ ಕ್ಷೌರ ಬಿಟ್ಟರು. ಗಾಣದವರ ಮನೆಗೆ ಹೋಗಿ ಹುಚ್ಚೆಳ್ಳೆಣ್ಣೆ ಮೂಸಿದರು, ಹೊಂಗೆಣ್ಣೆ ಮೂಸಿದರು, ತಲೆಯಾಡಿಸಿ ಬಂದರು.

ಆಗ ಹಾರನಹಳ್ಳಿಯಿಂದ ರಾಗಿ ತಂದ ಗಾಡಿಯಲ್ಲಿ ಅವ್ವ ಕಳಿಸಿದ ಹರಳೆಣ್ಣೆ ಬಂತು. ಹೊಲದ ಬದುವಿನ ಹರಳನ್ನು ಹುರಿದು, ಕುಟ್ಟಿ, ಕುದಿಸಿ, ತೇಲಿದ ಎಣ್ಣೆ ತೆಗೆದು ಪ್ರತಿವರ್ಷ ಅಕ್ಕನ ತಲೆಗೆಂದು ಒಂದು ಗಡಿಗೆ ಕಳಿಸುತ್ತಿದ್ದಳು. ಈ ಸಲ ಬಂದದ್ದು ಅರ್ಧ ಸೀಮೆಎಣ್ಣೆ ಡಬ್ಬದಷ್ಟು. ಮುಂದಿನ ವರ್ಷ ಒಲೆಯ ಮುಂದೆ ಕೂರಲು ಕಣ್ಣು ಕಾಣುತ್ತದೋ ಇಲ್ಲವೋ, ಅದಕ್ಕೇ ಈಗಲೇ ಎಲ್ಲ ಮಾಡಿ ಕಳಿಸಿದ್ದೀನಿ ಎಂದು ಗಾಡಿಯವನ ಬಾಯಲ್ಲಿ ಹೇಳಿಕಳಿಸಿದ್ದಳು. ಅಕ್ಕ ಆ ಡಬ್ಬವನ್ನು ತಾನೇ ಎತ್ತಿಕೊಂಡು ಹೋಗಿ ಕಾರಿನ ಪಕ್ಕ ಇಟ್ಟಳು.

"ಇದ್ನೇ ಉಯ್ರಿ."

"ತಲೆಗಚ್ಚೋ ಎಣ್ಣೆ ಕಣೇ ಇದು" ಎಂದರು ಭಾವ.

"ನಮ್ಮವ್ವ ಕಾಯ್ಸಿರೋ ಎಣ್ಣೆ. ನಿಮ್ ಡಬ್ಬದ ಎಣ್ಣೆಗಿಂತ ಏನ್ ಕಮ್ಮಿ?"

ಭಾವ ಲಾರಿ ಓಡಿಸುವ ಬಾಷಾ ಸಾಬರ ಹತ್ತಿರ ಓಡಿದರು. ಸಾಬರು ಹಿಂದಿನ ಯುದ್ಧದಲ್ಲಿ ಸೈನ್ಯದ ಮೋಟಾರು ಓಡಿಸಿ ಬಂದವರು. ಆ ಕಾಲದಲ್ಲಿ ವಿಮಾನಗಳೇ ಹರಳೆಣ್ಣೆಯಲ್ಲಿ ಹಾರುತ್ತಿದ್ದವೆಂದೂ, ಆದರೆ ಹಳೇ ಎಣ್ಣೆಯ ಜೊತೆ ಅದು ಬೆರೆಯುವುದಿಲ್ಲ, ಒಳಗೆ ಒಂದು ತೊಟ್ಟೂ ಉಳಿದಿರಬಾರದೆಂದೂ ಹೇಳಿದರು. ವಿಮಾನ ಎಂಬ ಮಾತು ಕಿವಿಗೆ ಬಿದ್ದಿದ್ದೇ ಭಾವನ ನಡಿಗೆ ಬದಲಾಯಿತು. ಬಂದವರೇ ಒಂದು ಒಳ್ಳೆಯ ಪಂಚೆ ಹರಿದು ಇಂಜಿನ್ನಿನ ಹೊಟ್ಟೆ ಒರೆಸಿದರು. ಬಟ್ಟೆ ಕರ್ರಗಾಯಿತು, ಭಾವ ಅದಕ್ಕಿಂತ ಕರ್ರಗಾದರು. ಕೊನೆಗೆ ಅವ್ವನ ಎಣ್ಣೆಯನ್ನು ಶೋಧಿಸಿ ಹುಯ್ದು, ಕಡ್ಡಿ ಎಳೆದು ಮೂಸಿದರು. ನನ್ನ ಮೂಗಿಗೆ ಹಿಡಿಯಲಿಲ್ಲ. ಕಲ್ಲಿನ ಮೇಲೆ ಕೂತು, ಮೆಲ್ಲಗೆ ಹೇಳಿದರು.

"ದಾರೀಲಿ ನಿಂತ್ಬುಟ್ರೆ ಏನ್ಲಾ ಮಾಡ್ಲಿ? ಕಾರ್ನಲ್ಲಿ ಒಂಟ ನಿಮ್ಮಕ್ಕ ಯಾರ್ದೋ ಎತ್ತಿನ್ ಗಾಡೀಲಿ ತವರ್ಗೋದ್ರೆ, ಅವಳ ಮುಖ ಎಷ್ಟ್ ಸಣ್ಣಗಾಯ್ತದೆ ಯೋಳು. ಆ ಭಯಕ್ಕೇ ಕಣೋ, ಎಣ್ಣೆ ಇನ್ನೊಂಚೂರು ಸರಿಯಾಗ್ಲಿ, ಇನ್ನೊಂಚೂರು ಸರಿಯಾಗ್ಲಿ ಅಂತಿದ್ದೆ."

ಇಷ್ಟು ವರ್ಷದ ಎಣ್ಣೆಯ ಪುರಾಣದ ತಳದಲ್ಲಿ ಇದ್ದದ್ದು ಇದು. ನನಗೆ ನಗು ಬರಲಿಲ್ಲ.

ಮಾರನೆಯ ದಿನ ಹೊರಟೆವು. ಸೇತುವೆ ಬಂತು. ಕಾರು ಅಭ್ಯಾಸಬಲದಿಂದ ಹಿಂದಕ್ಕೆ ತಿರುಗುತ್ತದೆಂದೇ ನಾನು ಕಾಯುತ್ತಿದ್ದೆ. ತಿರುಗಲಿಲ್ಲ! ಹಿಂದೆ ನೋಡಿದರೆ ಬಿಳಿ ಹೊಗೆ, ದಾರಿಯುದ್ದಕ್ಕೂ ಹರಳೆಣ್ಣೆಯ ವಾಸನೆ. ಮೋಟಾರು ಕಂಡರೆ ಹಿಂದೆ ಓಡಿಬರುವ ಹಳ್ಳಿ ಮಕ್ಕಳು ಈ ಮೋಟಾರಿನ ಗಾಳಿ ಸೋಕಿದ್ದೇ ಮೂಗು ಮುಚ್ಚಿಕೊಂಡು ಮನೆಯೊಳಗೆ ಸೇರಿಕೊಂಡವು. ಬೆಳಿಗ್ಗೆ ಬೆಳಿಗ್ಗೆ ಆ ವಾಸನೆ ಬಂತೆಂದರೆ ಭೇದಿಗೆ ಕುಡಿಸುವ ದಿನ ಎಂದು ಅವಕ್ಕೆ ಗೊತ್ತು. ದಾರಿಯಲ್ಲಿ ದನ ಅಡ್ಡ ಬಂದು ನಿಧಾನ ಮಾಡಿದಾಗ ಮುದುಕಿಯೊಬ್ಬಳು ಕಾರಿನೊಳಗೆ ಇಣುಕಿ, ಬಾಣಂತಿಯನ್ನು ಕರೆದುಕೊಂಡು ಹೋಗುತ್ತಿದ್ದೀರಾ ಎಂದು ಕೇಳಿದಳು. ಒಂದು ದಿಣ್ಣೆ ಹತ್ತುವಾಗ ಇಂಜಿನ್ನು ಕೆಮ್ಮಿತು. ಅಕ್ಕ ಕಣ್ಣು ಮುಚ್ಚಿ ಶಿವಶಿವಾ ಎಂದಳು. ಭಾವನ ಕತ್ತಿನ ಮೇಲೆ ಬೆವರು ಇಳಿಯಿತು. ಕೆಮ್ಮು ನಿಂತಿತು, ಕಾರು ನಿಲ್ಲಲಿಲ್ಲ.

ಹಾರನಹಳ್ಳಿಯಲ್ಲಿ ಕಾರು ನಮ್ಮ ಮನೆ ಬಾಗಿಲಿಗೇ ಹೋಗಿ ನಿಂತಿತು. ಅಕ್ಕ ಸೆರಗು ಸರಿಮಾಡಿಕೊಂಡು ಇಳಿದಳು. ಅವ್ವ ಜಗಲಿಯ ಮೇಲೆ ನಿಂತಿದ್ದಳು, ಆದರೆ ಅವಳ ಮುಖ ಬೇರೆ ಕಡೆಗಿತ್ತು. ಕಾರು ಎಲ್ಲಿದೆ, ಮಗಳು ಎಲ್ಲಿದ್ದಾಳೆ, ಅವಳಿಗೆ ಕಾಣಲಿಲ್ಲ. ನಾವು ತಡಮಾಡಿಬಿಟ್ಟಿದ್ದೆವು. ಅಕ್ಕ ಇಳಿದಲ್ಲೇ ನಿಂತುಬಿಟ್ಟಳು. ಭಾವ ತಲೆ ತಗ್ಗಿಸಿದರು.

ಆಗ ಅವ್ವ ಮೂಗು ಮೇಲೆತ್ತಿದಳು.

"ಅಳ್ಳೆಣ್ಣೆ ವಾಸ್ನೆ" ಎಂದಳು.

"ನಿನ್ ಎಣ್ಣೇನೇ ಕಣವ್ವ. ಅದ್ರಲ್ಲೇ ಬಂದೋ" ಎಂದಳು ಅಕ್ಕ.

ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರಿಗೆ ಬರುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ಏನಿದ್ದರೂ ಬಾಗಿಲ ಮರೆಯಿಂದ, ಅದೂ ಇನ್ನೊಬ್ಬರ ಮೂಲಕ. ಅಂಥ ಅವ್ವ ಮಗಳ ಹೆಗಲು ಹಿಡಿದು ಜಗಲಿ ಇಳಿದು ಬಂದಳು. ಬಿಸಿಯಾಗಿದ್ದ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಕರುವಿನ ಬೆನ್ನು ಸವರುವಂತೆ ಸವರಿದಳು. ಭಾವ ಅದನ್ನು ನೋಡಿ, ಕಡ್ಡಿ ಎಳೆದು, ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದರು. ಅವ್ವ ತಡವಿ ಅದರ ತುದಿ ಮುಟ್ಟಿದಳು. ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದಳು. ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಮೂಸಿದಳು. ಹುಣಸೂರಿನಲ್ಲಿ ಭಾವನನ್ನು ಬಿಟ್ಟರೆ ಯಾರೊಬ್ಬರೂ ಹಾಗೆ ಮೂಸಿರಲಿಲ್ಲ!

"ಎಣ್ಣೆ ಅದ್ವಾಗಿ ಅದೆ ಅಳಿಯಂದ್ರೇ. ಇನ್ನೂ ಬಾಳ ದೂರ ಓಗ್ತದೆ" ಎಂದಳು.

ಅವಳು ಭಾವನ ಜೊತೆ ನೇರವಾಗಿ ಆಡಿದ ಮೊದಲನೆಯ ಮಾತು ಅದು. ಭಾವ ಆಚೆ ತಿರುಗಿ, ಕೈಲಿದ್ದ ಎಣ್ಣೆ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡರು. ವಿಭೂತಿ, ಮಸಿ, ಕಣ್ಣೀರು ಎಲ್ಲ ಬೆರೆತು ಅವರ ಮುಖ ನೋಡುವ ಹಾಗಿತ್ತು. ಅಕ್ಕ ಅಳುತ್ತಲೇ ನಗತೊಡಗಿದಳು. ಯಾಕವ್ವ ನಗುತ್ತೀಯ ಎಂದು ಕೇಳುತ್ತ ಅವ್ವನೂ ನಕ್ಕಳು.

ಭಾವ ಬಾಗಿಲು ತೆರೆದು ಅವ್ವನ ಕೈಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿದರು. ಯಾವ ಕಡೆಗೆ ಹೋಗೋಣ ಅತ್ತೆ ಎಂದು ಕೇಳಿದರು. ಎಣ್ಣೆ ನೆಲೆ ನಿಲ್ಲಬೇಕು ಎನ್ನಲಿಲ್ಲ.